ತಡೆಯೋ ಎಲೆ ಕೈಯಲ್ಲಿಟ್ಟುಕೊಂಡು ಸೋತವನ ಮಾತು

ಮೊನ್ನೆ ಶನಿವಾರ ರಾತ್ರಿ ಒಂದು ಆಟ ಸೋತೆ. ಸೋಲು ನನಗೆ ಹೊಸದೇನಲ್ಲ ಬಿಡಿ. ಆದರೆ ಈ ಸಲ, ಗೆಲ್ಲುತ್ತಿದ್ದವನನ್ನು ತಡೆಯೋ ಎಲೆ ನನ್ನ ಕೈಯಲ್ಲೇ ಇತ್ತು. ಇಟ್ಟುಕೊಂಡೇ ಸೋತೆ. ಅದಕ್ಕೇ ಈ ಬರಹ.

ಆಟ ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, ೧೯೯೩ರಲ್ಲಿ ಬಂದ ಮ್ಯಾಜಿಕ್: ದಿ ಗ್ಯಾದರಿಂಗ್. ಅದರಲ್ಲಿ ಕಮ್ಯಾಂಡರ್ ಅನ್ನೋ ಬಗೆ. ಸಾಮಾನ್ಯವಾಗಿ ನಾಲ್ಕು ಜನ ಸುತ್ತ ಕೂತು ಆಡೋದು. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟಲ್ಲ. ಪ್ರತಿಯೊಬ್ಬರೂ ತಮ್ಮದೇ ೧೦೦ ಎಲೆಗಳ ಡೆಕ್ ಕಟ್ಟಿಕೊಂಡು ಬರಬೇಕು. ತಲಾ ೪೦ ಜೀವ. ತಮಾಷೆಗೆ ಆಡೋರು ಗಂಟೆಗಟ್ಟಲೆ ಆಡ್ತಾರೆ. ಗೆಲ್ಲಲೇಬೇಕು ಅಂತ ಆಡೋರ ಟೇಬಲ್ಲಿನಲ್ಲಿ ಮೂರು-ನಾಲ್ಕನೇ ಸುತ್ತಿಗೇ ಯಾರಾದರೂ ಆಟ ಮುಗಿಸೋಕೆ ನೋಡ್ತಾರೆ.

ಹೇಗೆ ಅಂತೀರಾ? ೨೦೨೦ರಲ್ಲಿ ಬಂದ ಥಾಸಾಸ್ ಆರಕಲ್ ಅನ್ನೋ ಎಲೆ ಇಳಿಸಿದಾಗ ನಿಮ್ಮ ಡೆಕ್ ಖಾಲಿಯಾಗಿದ್ದರೆ ಗೆದ್ದ ಹಾಗೆ. ಖಾಲಿ ಮಾಡೋಕೆ ೧೯೯೫ರ ಡೀಮಾನಿಕ್ ಕನ್ಸಲ್ಟೇಷನ್ ಇದೆ. ಒಂದು ಎಲೆಯ ಹೆಸರು ಹೇಳಿ, ಅದು ಸಿಗೋವರೆಗೆ ಡೆಕ್ಕಿನಿಂದ ಎಲೆ ತೆಗೆದು ಎಸೆಯಬೇಕು. ಡೆಕ್ಕಿನಲ್ಲಿ ಇಲ್ಲದ ಹೆಸರು ಹೇಳಿದರೆ? ಅಷ್ಟೇ, ಡೆಕ್ ಪೂರಾ ಖಾಲಿ! ಎರಡಕ್ಕೂ ಸೇರಿ ಖರ್ಚು ಬರೀ ಮೂರು ಮಾನಾ.

ಶನಿವಾರ ನನ್ನ ಬಲಗಡೆ ಕೂತಿದ್ದ ಗೆಳೆಯ ಇದನ್ನೇ ಮಾಡಿದ. ಉತ್ತರ ಕೊಡೋ ಸರದಿ ಮೊದಲು ನನ್ನದು, ಆಮೇಲೆ ಇನ್ನೊಬ್ಬ ಗೆಳೆಯನದು, ಕೊನೆಗೆ ಹೊಸದಾಗಿ ಬಂದಿದ್ದ ಹುಡುಗನದು. ನನ್ನ ಹತ್ತಿರ ಫೋರ್ಸ್ ಆಫ್ ವಿಲ್ ಇತ್ತು. ಒಂದು ಜೀವ, ಕೈಯಲ್ಲಿರೋ ಇನ್ನೊಂದು ನೀಲಿ ಎಲೆ ಕೊಟ್ಟರೆ ಮಾನಾ ಇಲ್ಲದೆಯೂ ತಡೀಬಹುದು. ನಾನು "ಪಾಸ್" ಅಂದೆ!

ಯಾಕಂದ್ರೆ ಪಳಗಿದವರು ಹೇಳಿಕೊಡೋದೇ ಹಾಗೆ. ನೀನು ಸುಮ್ಮನಿರು, ಭಾರ ಕೊನೆಯವನ ಮೇಲೆ ಬೀಳಲಿ. ಅವನೂ ಬಿಟ್ಟರೆ ಎಲ್ಲರೂ ಸೋಲ್ತಾರೆ, ಹಾಗಾಗಿ ಅವನು ತನ್ನ ಎಲೆ ಖರ್ಚು ಮಾಡಲೇಬೇಕು, ನಿನ್ನದು ಉಳಿಯುತ್ತೆ. ಪ್ರಯಾರಿಟಿ ಬುಲ್ಲಿಯಿಂಗ್ ಅಂತ ಇದಕ್ಕೊಂದು ಹೆಸರೂ ಇದೆ. ಲೆಕ್ಕ ಸುಳ್ಳಲ್ಲ. ನಾನು ತಡೆದರೆ ನನಗೂ ಅವನಿಗೂ ನಷ್ಟ, ಸುಮ್ಮನೆ ಕೂತ ಇಬ್ಬರಿಗೆ ಪುಕ್ಕಟೆ ಲಾಭ.

ಎರಡನೆಯವನೂ ಪಾಸ್. ಹುಡುಗ ಕೈಯಲ್ಲಿದ್ದ ಎಲೆಗಳನ್ನು ಎರಡು ಸಲ ನೋಡಿಕೊಂಡ. ಅವನ ಹತ್ತಿರ ಏನೂ ಇರಲಿಲ್ಲ. ಡೆಕ್ ಖಾಲಿಯಾಯ್ತು, ಆಟ ಮುಗೀತು. ಅಷ್ಟು ಹೊತ್ತಿಗೆ ಆರಕಲ್‌ನ ಶಕ್ತಿ ತಡೆಯೋಕೆ ನನ್ನ ಫೋರ್ಸ್ ಆಫ್ ವಿಲ್ ಕೆಲಸಕ್ಕೆ ಬರೋದಿಲ್ಲ. ಎರಡನೆಯವನು ಹುಡುಗನಿಗೇ ಬೈದ, "ತಡೆಯೋ ಎಲೆ ಇಲ್ಲದೆ ಡೆಕ್ ಕಟ್ಟಿದ್ದೀಯಲ್ಲೋ!" ಹುಡುಗ ಮೆಲ್ಲಗೆ, "ಮೊದಲು ಅಣ್ಣ ತಡೀತಾರೆ ಅಂದ್ಕೊಂಡೆ" ಅಂದ. ನಾನು ಎಲೆಗಳನ್ನು ತೋರಿಸದೆ ಡೆಕ್ಕಿಗೆ ಸೇರಿಸಿಬಿಟ್ಟೆ. ನಿಜ ಹೇಳಬೇಕಂದ್ರೆ, ಸೋತದ್ದಕ್ಕಿಂತ ಅದು ಕೊರೀತಾ ಇದೆ.

ರಾಜನ ಕೊಳದ ಕತೆ ಗೊತ್ತಲ್ಲ? ಎಲ್ಲರೂ ಒಂದೊಂದು ಕೊಡ ಹಾಲು ಸುರಿಯಿರಿ ಅಂದರೆ, ಪಕ್ಕದವನು ಹಾಲು ಸುರೀತಾನೆ ಅಂತ ಪ್ರತಿಯೊಬ್ಬನೂ ನೀರು ಸುರಿದನಂತೆ. ನಮ್ಮ ಟೇಬಲ್ ಆ ಕೊಳವೇ ಆಗಿತ್ತು.

ನನ್ನ ಅಭಿಪ್ರಾಯ ಇಷ್ಟು. ಈ ತಂತ್ರ ಮೋಸವಲ್ಲ, ನಿಯಮದಲ್ಲಿ ಅವಕಾಶ ಇದೆ. ಆದರೆ ಕೊನೆಯವನ ಕೈಯಲ್ಲಿ ಉತ್ತರ ಇದೆ ಅಂತ ಗೊತ್ತಿದ್ದಾಗ ಮಾತ್ರ ಅದು ಜಾಣತನ. ಗೊತ್ತಿಲ್ಲದಾಗ ಬರೀ ಜೂಜು, ಅದೂ ಬೇರೆಯವರ ದುಡ್ಡಲ್ಲಿ. ಇನ್ನೊಂದು ಅಪಾಯ ಡೆಕ್ ಕಟ್ಟೋ ಹೊತ್ತಲ್ಲೇ ಶುರುವಾಗುತ್ತೆ. "ಹೇಗೂ ಯಾರೋ ತಡೀತಾರೆ" ಅಂತ ತಡೆಯೋ ಎಲೆ ತೆಗೆದು ಗೆಲ್ಲೋ ಎಲೆ ತುಂಬಿದರೆ, ನಾಲ್ಕೂ ಡೆಕ್ ಓಟದ ಕುದುರೆ ಆಗುತ್ತವೆ. ಆಮೇಲೆ ಯಾರು ಮೊದಲು ಆಡಿದರೋ ಅವರದ್ದೇ ಆಟ.

"ಹಾಗಾದ್ರೆ ದಿನಾ ನೀನೇ ತಡೀತಾ ಕೂತಿರು, ಎಲ್ಲರೂ ನಿನ್ನ ತಲೆ ಮೇಲೆ ಕೂರ್ತಾರೆ" ಅಂತ ಗೆಳೆಯ ನಕ್ಕ. ಮಾತು ಸರಿಯೇ. ಆದರೆ ನಾವೇನು ಒಂದೇ ಆಟಕ್ಕೆ ಸೇರೋರಾ? ಪ್ರತಿ ವಾರ ಅದೇ ನಾಲ್ಕು ಮುಖ. ಎಲೆ ಬಚ್ಚಿಟ್ಟು ಪಾಸ್ ಅಂದವನನ್ನು ನೆನಪಿಟ್ಟುಕೊಂಡು, ಮುಂದಿನ ಆಟದಲ್ಲಿ ಮೊದಲ ಪೆಟ್ಟು ಅವನ ೪೦ ಜೀವಕ್ಕೇ ಕೊಟ್ಟರಾಯ್ತು. ಆಗ ತಾನಾಗೇ ಹಾಲು ಸುರೀತಾನೆ.

ಮುಂದಿನ ಶನಿವಾರ ಹುಡುಗನಿಗೆ ನಿಜ ಹೇಳಬೇಕು ಅಂದುಕೊಂಡಿದ್ದೀನಿ. ಮೊದಲ ಪೆಟ್ಟು ನನಗೇ ಬೀಳುತ್ತೆ, ಬೀಳಲಿ.

ನೀವಾಗಿದ್ದರೆ ತಡೀತಿದ್ರಾ, ಪಾಸ್ ಅಂತಿದ್ರಾ?