ಗೃಹಸ್ಥರಿಗೊಂದು ಮಾತು: ಜಗಲಿಯೂ ಒಳಮನೆಯೂ

ನಮ್ಮ ಮಲೆನಾಡಿನ ಮನೆಗಳಲ್ಲಿ ಬಂದವರಿಗೆಲ್ಲ ಜಗಲಿ, ನಂಟರಿಗೆ ನಡುಮನೆ, ಮನೆಯವರಿಗೆ ಒಳಮನೆ ಎಂಬ ಮರ್ಯಾದೆಯುಂಟಷ್ಟೆ. ಇದು ಕಪಟವಲ್ಲ; ಸಂಸಾರಸ್ಥರ ವಿವೇಕ. ಆದರೆ ಕೈಯಲ್ಲಿರುವ ಮೊಬೈಲಿನ ವಿಷಯದಲ್ಲಿ ಈ ವಿವೇಕವನ್ನು ಅನೇಕರು ಮರೆತಂತೆ ತೋರುತ್ತದೆ.

ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ ಶರಾವತಿಯ ಹಿನ್ನೀರನ್ನು ಬಹುಕಾಲ ಲಾಂಚಿನಲ್ಲಿಯೇ ದಾಟಬೇಕಾಗಿತ್ತು. ೨೦೨೫ನೆಯ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ ಸೇತುವೆ ತೆರೆಯಿತು. ಸಿಗಂದೂರಿನ ಆ ದಾರಿಯಲ್ಲಿ ಹೋಂಸ್ಟೇ ನಡೆಸಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳೋಣ. ಗಿರಾಕಿಗಳಿಗೂ ಬಂಧುಗಳಿಗೂ ಆಕೆಯದು ಒಂದೇ ವಾಟ್ಸಾಪು. ಆಕೆಯೂ ಗಿರಾಕಿಯೂ ಪರಸ್ಪರ ಸಂಖ್ಯೆಗಳನ್ನು ಉಳಿಸಿಕೊಂಡಿದ್ದರೆ, ಬೇರೆ ಏರ್ಪಾಡು ಮಾಡದ ಹೊರತು, ಆಕೆಯ ಸ್ಟೇಟಸ್ಸು ಅವನಿಗೂ ಕಾಣುವುದು. “ಎಲ್ಲರೂ ಮದುವೆಗೆ ಹೊರಟೆವು” ಎಂದು ಸಂತೋಷದಿಂದ ಹಾಕಿದರೆ, ಮನೆಗೆ ಬೀಗ ಬಿದ್ದಿದೆಯೆಂದು ಅಪರಿಚಿತರಿಗೆ ಡಂಗುರ ಸಾರಿದಂತಾಯಿತು. ಶಾಲೆಯ ಸಮವಸ್ತ್ರ ತೊಟ್ಟ ಮಗಳ ಚಿತ್ರವೂ, ದಾಯಾದಿಗಳ ಮೇಲಿನ ಮುನಿಸೂ, ಚುನಾವಣೆಯ ಜಗಳವೂ ಅದೇ ದಾರಿ ಹಿಡಿಯುವುವು.

ಇದಕ್ಕೆ ಪರಿಹಾರ ಕಷ್ಟವಲ್ಲ. ವ್ಯಾಪಾರಕ್ಕೆ ಬೇರೊಂದು ಸಿಮ್ಮನ್ನು ಪಡೆದು, ೨೦೧೮ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಅದನ್ನು ನಡೆಸತಕ್ಕದ್ದು. ಎರಡು ಸಿಮ್ಮುಗಳ ಒಂದೇ ಮೊಬೈಲಿನಲ್ಲಿ ಎರಡೂ ನಡೆಯುತ್ತವೆ. ಫೇಸ್‌ಬುಕ್ಕಿನ ನಿಯಮದಂತೆ ಒಬ್ಬರಿಗೆ ಒಂದೇ ಸ್ವಂತ ಖಾತೆ. ಆದಕಾರಣ ಸುಳ್ಳು ಹೆಸರಿನ ಎರಡನೆಯ ಖಾತೆ ಬೇಡ. ವ್ಯಾಪಾರಕ್ಕೆ ಪ್ರತ್ಯೇಕ ಪುಟವನ್ನು ತೆರೆಯಬಹುದು. ಸ್ವಂತ ಬರಹಗಳನ್ನು ಸ್ನೇಹಿತರಿಗೆ ಮಾತ್ರ ಕಾಣುವಂತೆ ಇರಿಸಿರಿ.

ಒಬ್ಬರಿಗೆ ಎರಡು ಹೆಸರಿರುವುದು ನಮ್ಮ ನಾಡಿಗೆ ಹೊಸತಲ್ಲ. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಕೆ. ವಿ. ಪುಟ್ಟಪ್ಪನವರು ೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಕಾವ್ಯದಲ್ಲಿ ಅವರೇ ಕುವೆಂಪು. ಸರ್ಕಾರದ ಅಧಿಕಾರಿಗಳಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ ಎಂಬ ಹೆಸರಿನಿಂದ ಬರೆದರು. ಅವರು ಯಾರೆಂಬುದನ್ನು ಲೋಕವೂ ಬಲ್ಲುದು. ಹೆಸರು ಎರಡಾಗಬಹುದು, ನಡತೆ ಎರಡಾಗಬಾರದು.

ಏಕೆಂದರೆ ಇಲ್ಲಿ ಒಳಮನೆಯ ಗೋಡೆ ಬಹಳ ತೆಳುವು. ಬಂಧುಗಳ ಗುಂಪಿನಲ್ಲಿ ಆಡಿದ ಮಾತನ್ನು ಯಾರಾದರೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ, ಕ್ಷಣಮಾತ್ರದಲ್ಲಿ ಅದು ಜಗಲಿಗೆ ಬರುವುದು. ಗಿರಾಕಿಯ ಎದುರಿಗೆ ಆಡಲು ನಾಚುವಂಥ ನಿಂದೆಯನ್ನು ಅಲ್ಲಿಯೂ ಬರೆಯದಿರುವುದೇ ಲೇಸು.

ಈ ದಿನ ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕುಳಿತು, ತಮ್ಮ ತಮ್ಮ ಸ್ಟೇಟಸ್ಸು ಯಾರುಯಾರಿಗೆ ಕಾಣುವುದೆಂದು ಒಮ್ಮೆ ನೋಡಿಕೊಳ್ಳಿರಿ. ಕಾಲುಗಂಟೆಯ ಕೆಲಸ.