ಎರಡನೇ ಕಂಪನಿ ಬಂತು, ಕನ್ನಡ ಬರಲಿಲ್ಲ!



ಜೇಬಿನಲ್ಲಿರುವ ಫೋನನ್ನು ಹೊರಗೆ ತೆಗೆಯಿರಿ. ಈಗಲೇ ತೆಗೆಯಿರಿ. ಅದರ ಮುಖದ ಮೇಲೆ ಇವತ್ತಿನ ವಾರ ಯಾವ ಭಾಷೆಯಲ್ಲಿದೆ? ತಿಂಗಳು ಯಾವ ಭಾಷೆಯಲ್ಲಿದೆ? ನಿಮ್ಮಲ್ಲಿ ಬಹಳ ಜನರದ್ದು ಇಂಗ್ಲಿಷೇ ಎಂದು ನಾನು ಪಂದ್ಯ ಕಟ್ಟಬಲ್ಲೆ. ಹೆಗಲ ಮೇಲೆ ಅರಿಶಿನ-ಕುಂಕುಮ ಬಣ್ಣದ ಶಾಲು, ಫೋನಿನ ಪರದೆಗೆ ಭುವನೇಶ್ವರಿಯ ಚಿತ್ರ, ಆ ಚಿತ್ರದ ಮೇಲೆ ‘ಮಂಡೇ’, ‘ಟ್ಯೂಸ್‌ಡೇ’!

ಬೈಯಬೇಕೆಂದು ಈ ಮಾತು ತೆಗೆದಿಲ್ಲ. ಮೊನ್ನೆ ಮೊನ್ನೆಯವರೆಗೆ ನನ್ನ ಫೋನಿನ ಕತೆಯೂ ಇದೇ. ಆದರೆ ಇದು ಹೀಗೇಕೆ ಆಯಿತು ಎಂದು ಯೋಚಿಸಿದರೆ ಒಂದು ಹಳೇ ದಿನಾಂಕ ನೆನಪಿಗೆ ಬರುತ್ತದೆ.

2008ರ ಆಗಸ್ಟ್ 22. ಐಫೋನ್ ಭಾರತಕ್ಕೆ ಬಂದ ದಿನ. ಅಮೆರಿಕದಲ್ಲಿ 2007ರಲ್ಲಿ ಈ ಫೋನು ಹುಟ್ಟಿದಾಗ ಅದು ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಹಿಡಿತದಲ್ಲಿತ್ತು. ಆ ಕಂಪನಿಯ ಟವರ್ ಸಿಗದ ಊರಿನವನಿಗೆ ಆ ಫೋನು ಇದ್ದೂ ಇಲ್ಲದ ಹಾಗೆ. ವೆರೈಝನ್ ಎಂಬ ಎರಡನೇ ಕಂಪನಿಯಲ್ಲಿ ಅದು ಸಿಗಲು 2011ರ ಫೆಬ್ರವರಿ ಬರಬೇಕಾಯಿತು. ಅಷ್ಟೂ ವರ್ಷ ಅಲ್ಲಿನ ಗಿರಾಕಿಗಳು ‘ಇನ್ನೊಂದು ಕಂಪನಿ ಬರಲಿ’ ಎಂದು ಬೊಬ್ಬೆ ಹೊಡೆದರು. ನಮಗೆ ಆ ಗೋಳೇ ಇರಲಿಲ್ಲ. ಮೊದಲ ದಿನವೇ ಏರ್‌ಟೆಲ್ ಅಂಗಡಿಯಲ್ಲೂ ಸಿಕ್ಕಿತು, ವೊಡಾಫೋನ್ ಅಂಗಡಿಯಲ್ಲೂ ಸಿಕ್ಕಿತು. 8 ಜಿಬಿಗೆ 31,000 ರೂಪಾಯಿ, 16 ಜಿಬಿಗೆ 36,100. ಎರಡೂ ಕಡೆ ಒಂದೇ ರೇಟು! (ಫೋನಿನ ಹೆಸರೇ ‘3ಜಿ’. ಆ ದಿನ ಈ ದೇಶದಲ್ಲಿ 3ಜಿ ಜಾಲವೇ ಶುರುವಾಗಿರಲಿಲ್ಲ. ಇರಲಿ, ಅದು ಬೇರೆ ತಮಾಷೆ.) 2011ರ ಮೇ 27ರಂದು ಐಫೋನ್ 4 ಬಂದಾಗ ಏರ್‌ಟೆಲ್ ಜೊತೆಗೆ ಏರ್‌ಸೆಲ್ ನಿಂತಿತ್ತು. ಆಗ 34,500 ರೂಪಾಯಿಯಿಂದ ಶುರು.

ಅಂದರೆ ನಮ್ಮ ಕೈಯಲ್ಲಿ ಆಯ್ಕೆ ಇತ್ತು ಸ್ವಾಮಿ. ಈ ಅಂಗಡಿ ಬೇಡವಾದರೆ ಆ ಅಂಗಡಿ. ಆದರೆ ಎರಡು ಅಂಗಡಿಯಲ್ಲೂ ಗಾಜಿನ ಪೆಟ್ಟಿಗೆಯೊಳಗೆ ಇದ್ದದ್ದು ಒಂದೇ ಫೋನು. ಅದಕ್ಕೆ ಕನ್ನಡದ ಕೀಲಿಮಣೆ ಇಲ್ಲ, ಕನ್ನಡದ ಮೆನು ಇಲ್ಲ. ‘ಕನ್ನಡ ಇದೆಯಾ?’ ಎಂದು ಆ ದಿನ ಯಾರಾದರೂ ಕೌಂಟರಿನ ಮುಂದೆ ನಿಂತು ಕೇಳಿದರೇ? ಎಷ್ಟು ಮೆಗಾಪಿಕ್ಸೆಲ್ ಕ್ಯಾಮೆರಾ ಎಂದು ಕೇಳಿದರು. ಕಂತಿನಲ್ಲಿ ಕೊಡ್ತೀರಾ ಎಂದು ಕೇಳಿದರು.

ನಾನಿರುವುದು ಗರುಡಾಚಾರ್‌ಪಾಳ್ಯದಲ್ಲಿ. ಇಲ್ಲಿಂದ ಕೆ.ಆರ್. ಪುರದ ಕಡೆ ಹೊರಟರೆ ದೂರವಾಣಿನಗರ ಸಿಗುತ್ತದೆ. ಇಂದಿರಾನಗರದ ಪಬ್ಬುಗಳ ಹೆಸರೆಲ್ಲ ಬಾಯಿಪಾಠ ಇರುವ ನಮ್ಮ ಹುಡುಗರಿಗೆ ಈ ಹೆಸರು ಹೇಗೆ ಬಂತು ಎಂಬುದು ಗೊತ್ತಿಲ್ಲ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅದೇ ನಮ್ಮ ಐಟಿಐ, ಇಲ್ಲಿ ಟೆಲಿಫೋನು ಮಾಡುತ್ತಿತ್ತು. ದೇಶದ ಮನೆಮನೆಯಲ್ಲಿ ಟ್ರಿಣ್ ಟ್ರಿಣ್ ಎನ್ನುತ್ತಿದ್ದ ಕರಿ ಫೋನು ನಮ್ಮ ಪಕ್ಕದ ಬಡಾವಣೆಯ ಸರಕು! ‘ದೂರವಾಣಿ’ ಎಂಬ ಚೆಂದದ ಶಬ್ದವನ್ನೇ ಊರಿನ ಹೆಸರಾಗಿಸಿಕೊಂಡವರು ನಾವು.

ಆ ಕರಿ ಫೋನಿಗೆ ಭಾಷೆ ಬೇಕಿರಲಿಲ್ಲ. ಅದರ ಮೈಮೇಲೆ ಇದ್ದದ್ದು ಸೊನ್ನೆಯಿಂದ ಒಂಬತ್ತು. ಬೆರಳಿಟ್ಟು ತಿರುಗಿಸಿ ಮಾತಾಡಿದರೆ ಮುಗಿಯಿತು, ಮಾತು ನಿಮ್ಮದೇ ಭಾಷೆ. ಈಗಿನ ಫೋನು ಹಾಗಲ್ಲ. ಅದು ಓದುವ ಸಾಮಾನು. ಬ್ಯಾಂಕು ಅದರಲ್ಲಿ, ರೇಷನ್ನು ಅದರಲ್ಲಿ, ಕರೆಂಟ್ ಬಿಲ್ಲು ಅದರಲ್ಲಿ. ನಿಮ್ಮಮ್ಮನ ಫೋನಿಗೆ ಬರುವ ಓಟಿಪಿ ಮೆಸೇಜನ್ನು ಒಂದು ಸಲ ನೋಡಿ. ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿದೆಯೋ ಇಲ್ಲವೋ? ಕನ್ನಡ ಮಾತ್ರ ಓದಬಲ್ಲ ತಾಯಿಗೆ ಅದರಲ್ಲಿ ಅರ್ಥವಾಗುವುದು ಅಂಕಿ ಒಂದೇ. ಆಮೇಲೆ ಯಾವನೋ ಕಳ್ಳ ಫೋನು ಮಾಡಿ ‘ಅಮ್ಮಾ, ನಂಬರ್ ಹೇಳಿ’ ಎಂದರೆ ಆಕೆ ಹೇಳಿಬಿಡುತ್ತಾಳೆ. ದುಡ್ಡು ಹೋದ ಮೇಲೆ ನಾವು ಆಕೆಯನ್ನೇ ದಡ್ಡಿ ಎನ್ನುತ್ತೇವೆ! ಭಾಷೆ ಅಂದರೆ ನವೆಂಬರ್ ಒಂದರ ಆರ್ಕೆಸ್ಟ್ರಾ ಎಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನೂ ಹೊಟ್ಟೆ ಉರಿಯುವ ಮಾತಿದೆ. 2017ರಲ್ಲಿ ನಮ್ಮ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುವ ಕೆಲಸ ಶುರು ಮಾಡಿತು. ಆಮೇಲೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ನಮ್ಮ ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ಮೇಲೆ ಹಾಯುವ ಹಳೇ ಮದ್ರಾಸ್ ರಸ್ತೆಯಲ್ಲೇ ಹೊಸಕೋಟೆ ದಾಟಿ ಮುಂದೆ ಹೋದರೆ ನರಸಾಪುರ. 2020ರ ಡಿಸೆಂಬರ್ 12ರ ಬೆಳಿಗ್ಗೆ ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಡಿದೆದ್ದು ಗಾಜು ಪುಡಿಯಾದ ಸುದ್ದಿ ನಿಮಗೆ ನೆನಪಿರಬಹುದು. 2023ರಲ್ಲಿ ಅದನ್ನು ಟಾಟಾದವರು ಕೊಂಡರು. 2025ರಲ್ಲಿ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಕಾರ್ಖಾನೆಯೂ ಶುರುವಾಯಿತು. ನೆಲ ನಮ್ಮದು, ನೀರು ನಮ್ಮದು, ಬೆವರು ನಮ್ಮ ಹೆಣ್ಣುಮಕ್ಕಳದು.

ಆ ಫೋನಿಗೆ ಕನ್ನಡ ಬಂದದ್ದು ಯಾವಾಗ? ಕೀಲಿಮಣೆ ಬಂದದ್ದು 2017ರಲ್ಲಿ. ಮೆನು ಕನ್ನಡವಾದದ್ದು 2025ರ ಮಾರ್ಚ್ ಕೊನೆಗೆ, ಐಓಎಸ್ 18.4 ಬಂದಾಗ. ತಮಿಳು, ತೆಲುಗು, ಮಲಯಾಳಂ, ಮರಾಠಿ ಸೇರಿ ಬಂದ ಹತ್ತು ಭಾಷೆಗಳಲ್ಲಿ ನಮ್ಮದೂ ಒಂದು. ಹಿಂದಿಗೆ ಎಷ್ಟೋ ವರ್ಷ ಮೊದಲೇ ಆ ಮರ್ಯಾದೆ ಸಿಕ್ಕಿತ್ತು. ಭಾರತದಲ್ಲಿ ಮಾರಾಟವಾದಾಗಿನಿಂದ ಲೆಕ್ಕ ಹಾಕಿದರೆ ಹದಿನಾರು ವರ್ಷ ದಾಟಿದೆ, ನಮ್ಮದೇ ಮಣ್ಣಿನಲ್ಲಿ ಜೋಡಿಸಿದಾಗಿನಿಂದ ಸುಮಾರು ಎಂಟು ವರ್ಷ. ಆಂಡ್ರಾಯ್ಡ್‌ನವರು 2014ರಲ್ಲೇ ಲಾಲಿಪಾಪ್ ಎಂಬ ಆವೃತ್ತಿಯಲ್ಲಿ ಕನ್ನಡ ಕೊಟ್ಟಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ‘ತಾಂತ್ರಿಕವಾಗಿ ಆಗಲ್ಲ ಸಾರ್’ ಎನ್ನುವ ರಾಗ ಎಲ್ಲ ಕಡೆ ಇದೆ. ಆಗುತ್ತದೆ. ಕೇಳುವವರಿದ್ದರೆ ಆಗುತ್ತದೆ.

ಇಷ್ಟು ವರ್ಷ ಕನ್ನಡದ ಕೀಲಿ ಇಲ್ಲದೆ ಬೆಳೆದ ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಕಲಿತರು. ಈಗ ಕೀಲಿ ಬಂದರೂ ಆ ಚಾಳಿ ಬಿಟ್ಟಿಲ್ಲ. ಇದರ ಏಟು ನನಗೆ ನೇರವಾಗಿ ಬಿದ್ದಿದೆ. ನನ್ನದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಗಣೇಶೋತ್ಸವದ ಪಾಂಪ್ಲೆಟ್ಟು ಇವೇ ನನ್ನ ಅನ್ನ. ಮೊದಲು ಹಿರಿಯರು ಕಾಗದದಲ್ಲಿ ದುಂಡಗೆ ಬರೆದು ತರುತ್ತಿದ್ದರು. ಈಗ ಹುಡುಗನೇ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಕಳಿಸುತ್ತಾನೆ. ಒಂದು ಲಗ್ನಪತ್ರಿಕೆಯಲ್ಲಿ ವರನ ಊರಿನ ಹೆಸರು ಹಳ್ಳಿಯಿಂದ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಲ ಯಾವುದು, ಳ ಯಾವುದು? ನಮ್ಮ ಡಿಟಿಪಿ ಹುಡುಗ ಬಂದದ್ದನ್ನು ಬಂದಂತೆ ಕುಟ್ಟಿದ. ಊರಿನ ಹೆಸರಿನ ಬಾಲಕ್ಕೆ ‘ಹಲ್ಲಿ’ ಬಂದು ಕೂತಿತು! ಪ್ರೂಫನ್ನು ಆ ಹುಡುಗ ಫೋನಿನಲ್ಲೇ ನೋಡಿ ಹೆಬ್ಬೆರಳು ಎತ್ತಿ ಕಳಿಸಿದ್ದ. ಮುನ್ನೂರು ಪತ್ರಿಕೆ ಅಚ್ಚಾದ ಮೇಲೆ ಅವರ ತಾತ ಕನ್ನಡಕ ಹಾಕಿಕೊಂಡು ಓದಿದರು. ‘ಏನಪ್ಪಾ, ಲಗ್ನಕ್ಕೆ ಮುಂಚೆನೇ ಹಲ್ಲಿ ಶಕುನ ಹೇಳ್ಬಿಟ್ಟಿದ್ದೀಯಲ್ಲೋ’ ಎಂದರು. ಮುನ್ನೂರೂ ರದ್ದಿಗೆ ಹೋಯಿತು. ನಷ್ಟ ನನ್ನ ತಲೆಗೆ ಬಂತು. ನಾನೂ ಕಣ್ಣಾಡಿಸಬೇಕಿತ್ತು, ತಪ್ಪು ನನ್ನದೂ ಹೌದು. ನಕ್ಕುಬಿಡಬಹುದಾದ ಕತೆ, ನಿಜ. ಆದರೆ ಳ ಮತ್ತು ಲ ಬೇರೆ ಎಂಬುದೇ ಕೈಬೆರಳಿಗೆ ಮರೆತುಹೋದ ಮೇಲೆ ನಾಲಿಗೆಗೆ ಎಷ್ಟು ದಿನ ನೆನಪಿರುತ್ತದೆ?

ದಿಲ್ಲಿ ಸರ್ಕಾರದ ಕತೆಯನ್ನೂ ಕೇಳಿ. 2016ರಲ್ಲಿ ಒಂದು ಆದೇಶ ಹೊರಟಿತು. ಭಾರತದಲ್ಲಿ ಮಾರುವ ಫೋನುಗಳಲ್ಲಿ 22 ಭಾಷೆಗಳ ಅಕ್ಷರ ಓದಲು ಬರಬೇಕು ಎಂದಿತು. ಒಳ್ಳೆಯದೇ. ಬರೆಯುವುದಕ್ಕೆ? ಇಂಗ್ಲಿಷ್, ಹಿಂದಿ, ಮತ್ತು ‘ಕನಿಷ್ಠ ಇನ್ನೊಂದು’ ಭಾರತೀಯ ಭಾಷೆ! ಹಿಂದಿ ಎಲ್ಲಾ ಫೋನಿಗೂ ಕಡ್ಡಾಯ. ಕನ್ನಡ, ತಮಿಳು, ಬಂಗಾಳಿ ಎಲ್ಲ ಸೇರಿ ಆ ‘ಇನ್ನೊಂದು’ ಎಂಬ ಒಂದು ಕುರ್ಚಿಗೆ ಕಿತ್ತಾಡಬೇಕು. ಕರ್ನಾಟಕದಲ್ಲಿ ಮಾರುವ ಫೋನಿಗೆ ಕನ್ನಡ ಕಡ್ಡಾಯ ಎಂದು ಬರೆಯಲು ಪೆನ್ನಿಗೆ ಇಂಕು ಸಾಲಲಿಲ್ಲವೇ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ. ನಮ್ಮ ಸಂಸದರಲ್ಲಿ ಎಷ್ಟು ಜನ ಈ ಆದೇಶವನ್ನು ಬಿಚ್ಚಿ ಓದಿದ್ದಾರೋ, ಆ ಕೆಂಗಲ್ಲರೇ ಬಲ್ಲರು.

ಈಗ ನಮ್ಮ ಕಡೆಗೆ ಬರೋಣ. 1994ರ ಟೆಲಿಕಾಂ ನೀತಿ ಒಂದೊಂದು ವಲಯಕ್ಕೆ ಇಬ್ಬರು ಖಾಸಗಿಯವರನ್ನು ಬಿಟ್ಟಿತು. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಕಿತ್ತರು. ಫೋನು ಎತ್ತಿಕೊಂಡವನಿಗೂ ದುಡ್ಡು ಬೀಳುತ್ತಿತ್ತು. ಜನ ಗಲಾಟೆ ಮಾಡಿದರು, 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲಿಗೆ ಇಳಿಯಿತು, 2003ರಲ್ಲಿ ಒಳಬರುವ ಕರೆಗೆ ದುಡ್ಡು ನಿಂತಿತು. 2016ರಲ್ಲಿ ಜಿಯೋ ಬಂದು ಡೇಟಾ ರೇಟು ನೆಲಕ್ಕೆ ಬಿತ್ತು. ಪ್ರತಿ ಹೊಸ ಕಂಪನಿ ಬಂದಾಗಲೂ ರೇಟು ಇಳಿಯಿತು, ಯಾಕೆಂದರೆ ನಾವು ಕೇಳಿದ್ದು ರೇಟು. ಟವರ್ ಕೇಳಿದೆವು, ಟವರ್ ಬಂತು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ. ಕಂಪನಿಯವನೇನು ನಮ್ಮ ತಾಯಿಯೇ?

2011ರ ಜನವರಿ 20ರಿಂದ ನಂಬರ್ ಬದಲಾಗದಂತೆ ಕಂಪನಿ ಬದಲಿಸುವ ಹಕ್ಕು ದೇಶದ ಎಲ್ಲರಿಗೂ ಬಂದಿದೆ. ಪೋರ್ಟ್ ಎಂದು ಬರೆದು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಮಾಡಿದರೆ ಕೋಡು ಬರುತ್ತದೆ, ಅದನ್ನು ಹಿಡಿದು ಇನ್ನೊಂದು ಕಂಪನಿಗೆ ಹೋದರೆ ಆಯಿತು. ಇದಕ್ಕಿಂತ ದೊಡ್ಡ ದೊಣ್ಣೆ ಗಿರಾಕಿಯ ಕೈಗೆ ಇನ್ನಾವುದು ಬೇಕು? ಈ ದೊಣ್ಣೆಯನ್ನು ಕನ್ನಡಕ್ಕಾಗಿ ನಾವು ಎಷ್ಟು ಸಲ ಎತ್ತಿದ್ದೇವೆ? ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕೆಂದು ಬೀದಿಗಿಳಿದೆವು, 2024ರಲ್ಲಿ ಕಾನೂನೇ ಆಯಿತು. ಬೋರ್ಡಿಗೆ ಮಸಿ ಬಳಿಯಬಹುದು. ಫೋನಿನೊಳಗಿನ ಬೋರ್ಡಿಗೆ ಏನು ಬಳಿಯುತ್ತೀರಿ?

ಅಲ್ಲಿ ನಡೆಯುವುದು ಬೇರೆ ವಿದ್ಯೆ. ಮೊದಲು ನಿಮ್ಮ ಫೋನಿನ ಭಾಷೆಯನ್ನು ಕನ್ನಡಕ್ಕೆ ಹಾಕಿ. ಎರಡು ದಿನ ತಡಕಾಡುತ್ತೀರಿ. ನಾನೂ ತಡಕಾಡಿದೆ. ‘ಸೆಟ್ಟಿಂಗ್’ ಎಲ್ಲಿ ಹೋಯಿತು ಎಂದು ಮಗಳನ್ನು ಕೂಗಿ ಬೈಸಿಕೊಂಡೆ. ಕೆಲವು ಶಬ್ದಗಳು ಸರ್ಕಾರಿ ಸುತ್ತೋಲೆಯ ಹಾಗೆ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತವೆ, ಸುಳ್ಳು ಹೇಳುವುದಿಲ್ಲ. ಕೆಟ್ಟ ಕನ್ನಡ ಕಂಡರೆ ತಿದ್ದಿ ಎಂದು ಕಂಪನಿಗೆ ಬರೆಯಿರಿ. ಇಲ್ಲದ ಕನ್ನಡವನ್ನು ತಿದ್ದುವುದು ಹೇಗೆ?

ಎರಡನೆಯದು, ಕಸ್ಟಮರ್ ಕೇರ್. ಕರೆ ಮಾಡಿದ ಮೊದಲ ಮೆಟ್ಟಿಲಲ್ಲೇ ಭಾಷೆ ಆರಿಸಲು ಬಿಡಬೇಕೆಂದು ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ಆದರೆ ನಾವೇ ಇಂಗ್ಲಿಷಿನ ಗುಂಡಿ ಒತ್ತುತ್ತೇವೆ, ಬೇಗ ಕೆಲಸ ಆಗುತ್ತದೆ ಎಂದು! ಅಲ್ಲಿ ಕನ್ನಡಕ್ಕೆ ಗಿರಾಕಿಯೇ ಇಲ್ಲ ಎಂದಾದರೆ ಆ ಕುರ್ಚಿಯಲ್ಲಿ ಕೂತ ನಮ್ಮದೇ ಹುಡುಗಿಯ ಕೆಲಸ ಹೋಗುತ್ತದೆ. ಕನ್ನಡ ಒತ್ತಿದ ಮೇಲೂ ಹಿಂದಿಯವನು ಬಂದರೆ? ನನಗೆ ಒಂದು ಕಂಪನಿಯಲ್ಲಿ ಹಾಗಾಗಿದೆ. ಮೂರು ಸಲ ಕನ್ನಡ ಒತ್ತಿದೆ, ಮೂರು ಸಲವೂ ‘ಹಿಂದಿ ಮೇ ಬೋಲಿಯೇ’. ಸಿಟ್ಟು ಬಂದು ಲೈನ್ ಕಟ್ ಮಾಡಿದೆ. ಅದೇ ನಾನು ಮಾಡಿದ ತಪ್ಪು. ದೂರು ದಾಖಲಿಸಿ, ದೂರಿನ ನಂಬರ್ ಕೇಳಿ ಇಸಿದುಕೊಳ್ಳಬೇಕಿತ್ತು.

ಕೊನೆಗೆ ಆ ಪೋರ್ಟ್ ದೊಣ್ಣೆ. ಹಾಗೆ ಬಿಡುವಾಗ ಸುಮ್ಮನೆ ಬಿಡಬೇಡಿ. ಹಳೇ ಕಂಪನಿಯಿಂದ ಫೋನು ಬಂದು ‘ಯಾಕೆ ಸಾರ್, ನೆಟ್‌ವರ್ಕ್ ಪ್ರಾಬ್ಲಮ್ಮಾ?’ ಎಂದು ಕೇಳಿದರೆ, ‘ಟವರ್ ಚೆನ್ನಾಗಿದೆ, ಕನ್ನಡದಲ್ಲಿ ಮಾತಾಡುವವರಿಲ್ಲ, ಅದಕ್ಕೇ ಹೋಗುತ್ತಿದ್ದೇನೆ’ ಎಂದು ಹೇಳಿ. ಹೊಸ ಅಂಗಡಿಯವನಿಗೂ ಸಿಮ್ಮು ಕೈಗೆ ತೆಗೆದುಕೊಳ್ಳುವ ಮುಂಚೆ ಇದೇ ಮಾತು ಹೇಳಿ. ನೀವೊಬ್ಬರು ಹೇಳಿದರೆ ನಗುತ್ತಾರೆ. ನಿಮ್ಮ ರೂಮಿನ ನಾಲ್ವರು, ಕಾಲೇಜಿನ ನಲವತ್ತು ಜನ ಹೇಳಿದರೆ ಬರೆದುಕೊಳ್ಳುತ್ತಾರೆ.

ಆಮೇಲೆ ನಮಗೂ ಬರೆಯಿರಿ. ಯಾವ ಕಂಪನಿ, ಯಾವ ದಿನ, ಏನು ಉತ್ತರ ಕೊಟ್ಟರು, ದೂರಿನ ನಂಬರ್ ಎಷ್ಟು. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿ, ಕನ್ನಡ ಅಕ್ಷರದಲ್ಲೇ ಕಳಿಸಿ. ಮುಂದಿನ ಸಂಚಿಕೆಯಿಂದ ಅದಕ್ಕೆಂದೇ ಒಂದು ಕಾಲಂ ಬಿಟ್ಟಿದ್ದೇವೆ. ಹಲ್ಲಿ ಬೀಳದ ಹಾಗೆ ಈ ಸಲ ಪ್ರೂಫನ್ನು ನಾನೇ ನೋಡುತ್ತೇನೆ.