ಪಾಲಿಕೆ ಎರಡಾದರೆ ಬಸ್ಸೂ ಎರಡೇ?

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ತಾಮ್ರದ ಹಂಡೆಗಳನ್ನೆಲ್ಲ ಪಾಲು ಮಾಡಿಕೊಳ್ಳುತ್ತಾರೆ. ಬಾವಿಯನ್ನು ಮಾತ್ರ ಹಾಗೆಯೇ ಬಿಡುತ್ತಾರೆ, ಇಬ್ಬರೂ ಸೇದಬೇಕಲ್ಲ! 1962ರಿಂದ ಒಂದೇ ಮಹಾನಗರ ಪಾಲಿಕೆಯಲ್ಲಿದ್ದ ಹುಬ್ಬಳ್ಳಿ-ಧಾರವಾಡಗಳನ್ನು ಬೇರೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧಾರವಾಡದವಳಾದ ನನಗೆ ಅದರ ಬಗ್ಗೆ ತಕರಾರಿಲ್ಲ. ನಮ್ಮ ಓಣಿಯ ಗಟಾರ ನಮ್ಮೂರಲ್ಲೇ ಬಗೆಹರಿದರೆ ಒಳ್ಳೆಯದೇ. ಆದರೆ ಈ ಪಾಲಿನಲ್ಲಿ ಬಾವಿ ಯಾವುದು ಎಂದು ಯಾರಾದರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನನ್ನ ಪ್ರಕಾರ ಅದು ಎರಡೂ ಊರು ಹತ್ತುವ ಬಸ್ಸು.

ನಡುವೆ ಇರುವುದು ಸುಮಾರು 20 ಕಿಲೋಮೀಟರು. ಕರ್ನಾಟಕ ವಿಶ್ವವಿದ್ಯಾಲಯ, ಡಿ.ಸಿ. ಕಚೇರಿ ಇಲ್ಲಿ. ಕಿಮ್ಸ್ ದವಾಖಾನೆ, ರೈಲ್ವೆ ವಲಯ ಕಚೇರಿ, ದೊಡ್ಡ ಪೇಟೆ ಅಲ್ಲಿ. ಬೆಳಗಾದರೆ ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ. ಅವರು ಪಾಲಿಕೆಯ ಗಡಿ ನೋಡಿ ಹೊರಡುವವರಲ್ಲ.

ವಿಶ್ವಬ್ಯಾಂಕಿನ ನೆರವಿನಿಂದ ಬಿಆರ್‌ಟಿಎಸ್ ಬಂತು. ಸುಮಾರು 22 ಕಿ.ಮೀ. ದಾರಿ, ಬಹುಭಾಗ ರಸ್ತೆಯ ನಡುವೆ ಬಸ್ಸಿಗೇ ಮೀಸಲು. 2018ರಲ್ಲಿ ಬಸ್ಸು ಓಡತೊಡಗಿದವು, 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. 'ಚಿಗರಿ' ಎಂದು ಹೆಸರಿಟ್ಟವರಿಗೆ ಶರಣು. ಸರಕಾರಿ ಹೆಸರುಗಳಲ್ಲಿ ಇಷ್ಟು ಚೆಂದದ್ದು ಅಪರೂಪ. ಆದರೆ ಚಿಗರಿ ಓಡುವುದು ಹೆದ್ದಾರಿಯ ಮೇಲೆ. ಜನ ಇರುವುದು ಸಾಧನಕೇರಿಯಲ್ಲಿ, ಹೊಸಯಲ್ಲಾಪುರದಲ್ಲಿ, ಕೇಶ್ವಾಪುರದಲ್ಲಿ, ಹಳೇ ಹುಬ್ಬಳ್ಳಿಯಲ್ಲಿ. ಮನೆಯಿಂದ ಅದರ ನಿಲ್ದಾಣಕ್ಕೆ ಒಂದು ಆಟೋ, ಇಳಿದ ಮೇಲೆ ಇನ್ನೊಂದು ಆಟೋ. ನಮ್ಮ ಶಾಲೆಗೆ ಮಗನನ್ನು ಕಳಿಸುವ ತಾಯಿಯೊಬ್ಬಳು ಒಮ್ಮೆ ಹೇಳಿದಳು: "ಅಕ್ಕೋರ, ನಡುವಿನ ಹಾದಿ ಸಸ್ತಾ, ಎರಡೂ ತುದಿ ತುಟ್ಟಿರಿ." ಈ ಲೆಕ್ಕ ದೊಡ್ಡ ವರದಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಜ. ಆಟೋದವನಿಗೆ ಯಾವ ಶಕ್ತಿ ಯೋಜನೆ ತೋರಿಸಬೇಕು?

ಇದನ್ನು ಸರಿಪಡಿಸುವುದು ಯಾರ ಕೆಲಸ? ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು, ಮೀಸಲು ದಾರಿಗೆ ಬೇರೆಯೇ ಒಂದು ಕಂಪನಿ, ಓಣಿಯ ರಸ್ತೆ ಪಾಲಿಕೆಯದು, ರೈಲು ಕೇಂದ್ರ ಸರಕಾರದ್ದು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಹೆಮ್ಮೆಯೇ. ಅಷ್ಟುದ್ದ ನಡೆದು ಹೊರಬಂದವನು ರೈಲಿನ ಟಿಕೆಟ್ಟಿನಲ್ಲೇ ಸಿಟಿ ಬಸ್ಸು ಹತ್ತುವಂತಿದ್ದರೆ ಇನ್ನೂ ಹೆಮ್ಮೆಪಡುತ್ತಿದ್ದೆ. ಈಗಲೇ ಇಷ್ಟು ಯಜಮಾನರು. ನಾಳೆ ಪಾಲಿಕೆಯೂ ಎರಡು!

ಬೇರೆಯಾದ ಮೇಲೆ ಒಟ್ಟಿಗೆ ಏಕೆ ಎನ್ನುವವರು ಜರ್ಮನಿಯ ಹ್ಯಾಂಬರ್ಗ್ ನೋಡಲಿ. ಅಲ್ಲಿಯೂ ಬಸ್ಸಿಗೊಂದು, ರೈಲಿಗೊಂದು ಸಂಸ್ಥೆ ಇದ್ದವು. 1965ರಲ್ಲಿ ಅವು ಕೂಡಿ ಒಂದು ಸಾರಿಗೆ ಒಕ್ಕೂಟ ಮಾಡಿಕೊಂಡವು. ಸಂಸ್ಥೆಗಳು ಬೇರೆಯಾಗಿಯೇ ಉಳಿದವು. ದರ, ಟಿಕೆಟ್ಟು, ವೇಳಾಪಟ್ಟಿ ಮಾತ್ರ ಒಂದಾದವು. ಇಂದು ಪಕ್ಕದ ಎರಡು ರಾಜ್ಯಗಳ ಜಿಲ್ಲೆಗಳೂ ಅದರಲ್ಲಿವೆ. ಬೇರೆ ರಾಜ್ಯದವರಿಗೇ ಸಾಧ್ಯವಾದದ್ದು ಒಂದೇ ಜಿಲ್ಲೆಯ ನಮಗೆ ಆಗದೇ?

ಇನ್ನು ಕೆಲವರಿಗೆ ಎಲ್ಲದಕ್ಕೂ ಹೊಸ ವಾಹನವೇ ಮದ್ದು. ಎಷ್ಟೇ ದುಬಾರಿಯ ವಾಹನ ತನ್ನಿರಿ, ಅದು ಹಳೇ ಹುಬ್ಬಳ್ಳಿಯ ಓಣಿಗೆ ಬರುವುದಿಲ್ಲ. ಅಲ್ಲಿಗೆ ಬೇಕಾದದ್ದು ಚಿಗರಿಯ ವೇಳೆಗೆ ಹೊಂದಿಕೊಂಡು, ಅದೇ ಟಿಕೆಟ್ಟಿನಲ್ಲಿ ಹತ್ತಬಹುದಾದ ಸಣ್ಣ ಬಸ್ಸು. ಕುಂದಗೋಳ, ಕಲಘಟಗಿಗಳಿಂದ ಕಾಲೇಜಿಗೆ ಬರುವ ಹುಡುಗಿಯರಿಗೂ ಆ ಟಿಕೆಟ್ಟು ನಡೆಯಬೇಕು.

ಆದ್ದರಿಂದ ಪಾಲಿನ ಕಾಗದದಲ್ಲೇ ಒಂದು ಜಂಟಿ ಸಾರಿಗೆ ಮಂಡಳಿಯನ್ನು ಬರೆಯಿರಿ. ಎರಡೂ ಪಾಲಿಕೆ, ಸಾರಿಗೆ ಸಂಸ್ಥೆ, ರೈಲ್ವೆ ಅದರಲ್ಲಿ ಕೂಡಲಿ. ಯಾರ ಪಾಲಿನ ಖರ್ಚು ಎಷ್ಟು ಎಂಬುದೂ ಮೊದಲೇ ನಿಗದಿಯಾಗಲಿ, ನಂತರದ ಜಗಳ ಬೇಡ. ಸಭೆ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಸದಸ್ಯರು ಕಾರು ಬಿಟ್ಟು ಬಸ್ಸಿನಲ್ಲೇ ಬರಲಿ, ಅದೂ ತಮ್ಮ ಮನೆಯ ಬಾಗಿಲಿನಿಂದ.